ಮೂರು ಬ್ಲೋವರು, ಒಂದು ಕನ್ನಡಿ, ಗೋಲಿಯ ಎರಡು ಕಿವಿ

ಅಂಗಡಿಯವರು ಮೊದಲನೆಯ ಬ್ಲೋವರಿನ ಸ್ವಿಚ್ ಹಾಕಿದರು. ಗೋಲಿ ಮೇಜಿನ ಕೆಳಗೆ ಹೋದ.

"ಅರೆ, ಮಗು ಎಲ್ಲಿ ಹೋಯ್ತು?" ಎಂದು ಅವರು ಸ್ವಿಚ್ ಆರಿಸಿ ಕೇಳಿದರು.

"ಇಲ್ಲೇ ಇದಾನೆ ಅಂಕಲ್," ಎಂದಳು ಅಕ್ಕ. ಅವಳ ಅರ್ಧ ಮೈ ಕೂಡ ಮೇಜಿನ ಕೆಳಗೇ ಇತ್ತು. ತಮ್ಮನ ಎರಡು ಕಿವಿಗಳನ್ನು ಎರಡು ಅಂಗೈಗಳಿಂದ ಒತ್ತಿ ಹಿಡಿದಿದ್ದಳು.

"ಇದು ನಮ್ಮಲ್ಲಿರೋದ್ರಲ್ಲೇ ಚಿಕ್ಕದು. ಸದ್ದೇ ಇಲ್ಲ ಇದಕ್ಕೆ."

"ಅವನಿಗೆ ಇದೆ," ಎಂದಳು ಅಮ್ಮ.

ಅಕ್ಕ ಎಂದರೆ ಗೋಲಿಯೊಬ್ಬನಿಗೇ ಅಕ್ಕ ಅಲ್ಲ. ವಯಸ್ಸು ಹತ್ತೇ ಆದರೂ, ಗೋಲಿ ದಿನವಿಡೀ "ಅಕ್ಕಾ, ಅಕ್ಕಾ" ಎಂದು ಕೂಗುವುದನ್ನು ಕೇಳಿ ಕೇಳಿ ಎಲ್ಲರಿಗೂ ಅವಳು ಅಕ್ಕನೇ ಆಗಿಬಿಟ್ಟಿದ್ದಳು. ಅಮ್ಮನೂ ಹಾಗೆಯೇ ಕರೆಯುತ್ತಿದ್ದಳು. ಕಾರು ತೊಳೆಸಲು ಬರುವ ಮೀಸೆಯವರೂ "ಅಕ್ಕ, ಅಮ್ಮ ಇದಾರಾ?" ಎನ್ನುತ್ತಿದ್ದರು. ಇದರಲ್ಲಿ ಅವಳಿಗೆ ತಪ್ಪೇನೂ ಕಂಡಿರಲಿಲ್ಲ.

ಗೋಲಿಗೆ ಆರು ವರ್ಷ. ದುಂಡಗಿದ್ದ. ಎಲ್ಲಿ ಬಿಟ್ಟರೂ ಉರುಳಿಕೊಂಡು ಹೋಗಿ ಯಾವುದಾದರೂ ಮೂಲೆ ಸೇರುತ್ತಿದ್ದ. ಹಾಗಾಗಿ ಆ ಹೆಸರು. ಜೋರು ಸದ್ದೆಂದರೆ ಅವನಿಗೆ ಸುತರಾಂ ಆಗದು. ಬಲೂನು ಒಡೆದರೆ ಮಂಚದ ಕೆಳಗೆ, ರಸ್ತೆಯಲ್ಲಿ ಹಾರ್ನ್ ಹೊಡೆದರೆ ಬಾಗಿಲ ಹಿಂದೆ. ಪಕ್ಕದ ಮನೆಯವರು ಗೋಡೆಗೆ ಡ್ರಿಲ್ ಮಾಡಿಸಿದ ದಿನ ಬಟ್ಟೆಯ ಬೀರುವಿನೊಳಗೆ ಸಿಕ್ಕಿದ್ದ. ಅವನು ಎಲ್ಲಿ ಅಡಗಿದರೂ ಅಲ್ಲಿಗೆ ಹೋಗಿ ಕಿವಿ ಮುಚ್ಚುವುದು ಅಕ್ಕನ ಕೆಲಸ. ಆ ಕೆಲಸ ಅವಳಿಗೆ ಯಾರೂ ಕೊಟ್ಟಿರಲಿಲ್ಲ, ಆದರೆ ಒಂದು ದಿನವೂ ರಜೆ ಹಾಕಿರಲಿಲ್ಲ.

ಅಮ್ಮ ಮನೆಯ ಮುಂದಿನ ಜಾಗದಲ್ಲಿ ಕಾರು ತೊಳೆಯುತ್ತಿದ್ದಳು. ತೊಳೆಯುವುದೇನು, ಯಾರು ಬೇಕಾದರೂ ತೊಳೆಯುತ್ತಾರೆ, ಒಣಗಿಸುವುದರಲ್ಲಿ ಇರುವುದು ಕಷ್ಟ ಎನ್ನುತ್ತಿದ್ದಳು. ಬಟ್ಟೆಯಲ್ಲಿ ಒರೆಸಿದರೆ ಕಾರಿನ ಮೈ ಒಣಗುತ್ತದೆ. ಆದರೆ ನೀರು ಬಲು ಕಿಲಾಡಿ. ಪಕ್ಕದ ಕನ್ನಡಿಯ ಹಿಂದೆ, ಬಾಗಿಲ ಹಿಡಿಯ ಒಳಗೆ, ದೀಪದ ಸುತ್ತ ಅಡಗಿ ಕೂತುಬಿಡುತ್ತದೆ. ಕಾರು ರಸ್ತೆಗಿಳಿದು ಗಾಳಿ ಬಡಿದಾಗ ಮೆಲ್ಲಗೆ ಹೊರಗೆ ಬರುತ್ತದೆ. ಅದರ ಮೇಲೆ ಧೂಳು ಕೂತರೆ ಬಾಗಿಲ ಮೇಲೆ ಮಾರುದ್ದದ ಗೆರೆ.

ಹಲ್ಲಿನ ಡಾಕ್ಟರರದು ಕಪ್ಪು ಕಾರು. ಕಪ್ಪಿನ ಮೇಲೆ ಗೆರೆ ಬಿದ್ದರೆ ಆಚೆ ಬೀದಿಯಿಂದಲೂ ಕಾಣುತ್ತದೆ. ಅವರು ಭಾನುವಾರ ಕಾರು ತೊಳೆಸಿಕೊಂಡು ಹೋಗಿ, ಬೀದಿ ಸುತ್ತಿ ಮತ್ತೆ ವಾಪಸು ಬರುತ್ತಿದ್ದರು.

"ಕಾರು ಅಳ್ತಾ ಇದೆ," ಎನ್ನುತ್ತಿದ್ದರು ಕನ್ನಡಿಯ ಕೆಳಗಿನ ಗೆರೆ ತೋರಿಸಿ. ಹಲ್ಲು ಕೀಳಲೇಬೇಕು ಎಂದು ಹೇಳುವಾಗಲೂ ಅವರ ದನಿ ಹೀಗೆಯೇ ಇರುತ್ತಿತ್ತು.

ಮೂರನೇ ಸಲ ಅವರು ವಾಪಸು ಬಂದ ದಿನ, ಬ್ಲೋವರ್ ತಂದೇ ತೀರುವುದೆಂದು ಅಮ್ಮ ನಿರ್ಧರಿಸಿದಳು. ಗಾಳಿಯನ್ನು ಜೋರಾಗಿ ಊದಿ, ಅಡಗಿದ ನೀರನ್ನು ಹೊರಗಟ್ಟುವ ಮೆಷಿನ್ ಅದು. ಅದರ ಸದ್ದನ್ನು ಗೋಲಿ ಹೇಗೆ ತಡೆದಾನು ಎಂಬುದಕ್ಕೂ ಅಮ್ಮ ಒಂದು ದಾರಿ ಯೋಚಿಸಿದ್ದಳು. ಅಪ್ಪ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಹಾಗಾಗಿ ಇನ್ನು ಮೇಲೆ ಗೋಲಿ ಸ್ಕೂಲಿನಿಂದ ಸೀದಾ ದೊಡ್ಡಮ್ಮನ ಮನೆಗೆ ಹೋಗುವುದು. ಕತ್ತಲಾದ ಮೇಲೆ ಅಮ್ಮ ಹೋಗಿ ಕರೆತರುವುದು.

ದೊಡ್ಡಮ್ಮ ಒಳ್ಳೆಯವಳೇ. ಆದರೆ ಅವಳ ಮನೆಯ ಸೋಫಾಕ್ಕೆ ಪ್ಲಾಸ್ಟಿಕ್ ಕವರು, ಕವರು ಹಾಳಾಗದಂತೆ ಅದರ ಮೇಲೊಂದು ಬಟ್ಟೆ. ಗೊಂಬೆಗಳಿಗೆ ಗಾಜಿನ ಬೀರು, ಬೀರುವಿಗೆ ಬೀಗ. ಹಿಂದೊಮ್ಮೆ ಗೋಲಿ ಒಂದು ಸಂಜೆ ಅಲ್ಲಿದ್ದ. ಅಲ್ಲಿ ಏನು ಮಾಡಿದೆಯೋ ಎಂದು ಅಕ್ಕ ಕೇಳಿದ್ದಳು.

"ಕೂತಿದ್ದೆ."

"ಆಮೇಲೆ?"

"ಆಮೇಲೂ ಕೂತಿದ್ದೆ."

ಅಂದು ಮಲಗುವವರೆಗೂ ಅವನು ಅಕ್ಕನ ಬಟ್ಟೆಯ ಚುಂಗು ಬಿಟ್ಟಿರಲಿಲ್ಲ. ಅವನಿಲ್ಲದ ಆ ಸಂಜೆ ಅಕ್ಕನಿಗೂ ಮನೆ ಬಿಕೋ ಎನ್ನುತ್ತಿತ್ತು. ಹೋಂವರ್ಕ್ ಬೇಗ ಮುಗಿದಿತ್ತು, ಅಷ್ಟೇ. ಬೇಗ ಮುಗಿದರೆ ಖುಷಿಯಾಗುತ್ತದೆ ಅಂದುಕೊಂಡಿದ್ದಳು, ಆಗಿರಲಿಲ್ಲ.

ಆದ್ದರಿಂದ ಇಂದು ಅಂಗಡಿಗೆ ಬರುವಾಗಲೇ ಅವಳು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದಳು. ಹೇಗಾದರೂ ಮಾಡಿ ಅಮ್ಮ ಅತಿ ಚಿಕ್ಕ ಬ್ಲೋವರ್ ತೆಗೆದುಕೊಳ್ಳುವಂತೆ ಮಾಡಬೇಕು.

"ಡಬ್ಬದ ಮೇಲೆ ನೋಡಿ, ಎಷ್ಟು ವ್ಯಾಟ್ ಅಂತ ಬರೆದಿದೆ," ಎನ್ನುತ್ತಿದ್ದರು ಅಂಗಡಿಯವರು.

ಅಮ್ಮ ಡಬ್ಬ ನೋಡಲಿಲ್ಲ. ಬ್ಯಾಗಿಗೆ ಕೈ ಹಾಕಿ ಕಾರಿನ ಪಕ್ಕದ ಕನ್ನಡಿಯೊಂದನ್ನು ಹೊರಗೆ ತೆಗೆದಳು. ಗುಜರಿಯವನ ಹತ್ತಿರ ಇಸಿದುಕೊಂಡ ಹಳೆಯ ಕನ್ನಡಿ. "ಒಂದು ಬಕೆಟ್ ನೀರು ಸಿಗುತ್ತಾ?" ಎಂದು ಕೇಳಿದಳು.

"ನೀರು ಯಾಕಮ್ಮಾ?"

"ವ್ಯಾಟ್ ಓದೋಕೆ ನನ್ನ ಕನ್ನಡಿಗೆ ಬರಲ್ಲ."

ಅಂಗಡಿಯವರು ನೀರು ತಂದರು. ಅವರ ಅಂಗಡಿಯಲ್ಲಿ ಯಾರೂ ಈವರೆಗೆ ಕನ್ನಡಿಗೆ ಸ್ನಾನ ಮಾಡಿಸಿರಲಿಲ್ಲ. ಅಮ್ಮ ಕನ್ನಡಿಯನ್ನು ನೀರಿನಲ್ಲಿ ಅದ್ದಿ ತೆಗೆದಳು, ಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿದಳು. ಅಂಗಡಿಯವರು ಸ್ವಿಚ್ ಹಾಕಿದಾಗ ಚಿಕ್ಕ ಬ್ಲೋವರಿನಿಂದ ಅದರ ಹಿಂದೆ ಮುಂದೆಲ್ಲ ಗಾಳಿ ಬಿಟ್ಟಳು. ಆಮೇಲೆ ನೆಲದ ಮೇಲೆ ಹಳೆಯ ಪೇಪರ್ ಹಾಸಿ, ಕನ್ನಡಿಯನ್ನು ಅದರ ಮೇಲೆ ಹಿಡಿದು ಕೊಡವಿದಳು. ಪೇಪರಿನಲ್ಲಿ ಅಚ್ಚಾಗಿದ್ದ ಕ್ರಿಕೆಟ್ ಆಟಗಾರನ ಮುಖ ಪೂರ್ತಿ ಒದ್ದೆಯಾಯಿತು.

"ಸ್ವಲ್ಪ ತಾನೇ ಅಮ್ಮಾ," ಎಂದಳು ಅಕ್ಕ ಮೇಜಿನ ಕೆಳಗಿನಿಂದ. "ಸಾಕು, ಇದನ್ನೇ ತಗೊಳ್ಳೋಣ."

"ಡಾಕ್ಟರ ಕಾರಲ್ಲಿ ಬರೋದೂ ಸ್ವಲ್ಪಾನೇ."

ಎರಡನೆಯದು ನಡುವಿನ ಗಾತ್ರದ್ದು. ಪೇಪರಿನ ಮೇಲೆ ಅಲ್ಲೊಂದು ಇಲ್ಲೊಂದು ಹನಿ ಬಿತ್ತು. ಅಮ್ಮ ತಲೆಯಾಡಿಸಿದಳು, ಬೇಡ ಎಂಬಂತೆ.

ಮೂರನೆಯದಕ್ಕೆ ಚಕ್ರಗಳಿದ್ದವು, ಉದ್ದನೆಯ ಪೈಪಿತ್ತು. ಅದನ್ನು ಹಾಕಿದ ಕೂಡಲೇ ಗೋಡೆಯ ಕ್ಯಾಲೆಂಡರ್ ಎರಡು ತಿಂಗಳು ಮುಂದಕ್ಕೆ ಹೋಯಿತು. ಅಂಗಡಿಯವರ ಬಿಲ್ಲುಗಳು ಕಪಾಟಿನ ಮೇಲೆ ಹೋಗಿ ಕೂತವು. ಮೇಜಿನ ಕೆಳಗೆ ಗೋಲಿ ಮೊಣಕಾಲಿಗೆ ಮುಖ ಒತ್ತಿಕೊಂಡ. ಅಕ್ಕನ ಮುಂಗೈ ಮೇಲೆ ಬೆಚ್ಚಗೆ ಏನೋ ಬಿತ್ತು. ಅವನು ಅಳುತ್ತಿದ್ದ, ಸದ್ದಿಲ್ಲದೆ.

ಅಮ್ಮ ಕನ್ನಡಿಯನ್ನು ಕೊಡವಿದಳು. ಮತ್ತೊಮ್ಮೆ ಕೊಡವಿದಳು. ಪೇಪರನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಒಂದು ಹನಿಯೂ ಇರಲಿಲ್ಲ.

"ಇದೇ," ಎಂದಳು.

ಅಕ್ಕ ತಲೆಯನ್ನು ಮಾತ್ರ ಮೇಜಿನ ಕೆಳಗಿನಿಂದ ಹೊರಗೆ ತಂದಳು.

"ಅಮ್ಮಾ, ಇದು ತುಂಬ ದೊಡ್ಡದು."

"ನೋಡಿದೆ."

"ಬಣ್ಣಾನೂ ಚೆನ್ನಾಗಿಲ್ಲ."

"ನೀರಿಗೆ ಬಣ್ಣ ಕಟ್ಕೊಂಡು ಏನಾಗ್ಬೇಕು?"

"ಮತ್ತೆ ಗೋಲಿ?"

ಅಮ್ಮ ಒಣಗಿದ ಕನ್ನಡಿಯನ್ನೇ ಇನ್ನೊಮ್ಮೆ ಒರೆಸಿದಳು. "ನಂಗೇನು ಇಷ್ಟಾನಾ ಅವನನ್ನ ಕಳ್ಸೋಕೆ?" ಎಂದಳು ಕೊನೆಗೆ. "ಚಿಕ್ಕದು ತಗೊಂಡ್ರೆ ಕಾರು ಅಳುತ್ತೆ, ದೊಡ್ಡದು ತಗೊಂಡ್ರೆ ಇವನು ಅಳ್ತಾನೆ. ನೀನೇ ಹೇಳು, ಏನ್ಮಾಡ್ಲಿ?"

ಅಂಗಡಿಯವರು ಎಲ್ಲಿಂದಲೋ ಹತ್ತಿ ತಂದುಕೊಟ್ಟರು. ಗೋಲಿ ಅದನ್ನು ಕಿವಿಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ತೆಗೆದು ಅವರ ಕೈಗೇ ವಾಪಸು ಕೊಟ್ಟ. "ತುರಿಸುತ್ತೆ," ಎಂದ. ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಹತ್ತಿಯನ್ನು ಹಿಡಿದುಕೊಂಡೇ ಹೊರಗೆ ಹೋದರು.

"ಯಾವುದಕ್ಕೂ ಇನ್ನೊಂದ್ಸಲ ನೋಡ್ಬಿಡ್ತೀನಿ," ಎಂದು ಅಮ್ಮ ಕನ್ನಡಿಯನ್ನು ಮತ್ತೆ ಅದ್ದಿದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಪೈಪು. "ಸ್ವಿಚ್ ಹಾಕೇ ಅಕ್ಕ. ನನ್ನ ಕೈ ಒದ್ದೆ."

"ನನ್ನ ಕೈ ಖಾಲಿ ಇಲ್ಲ," ಎಂದಳು ಅಕ್ಕ. ಎರಡೂ ಆಗಲೇ ಗೋಲಿಯ ಕಿವಿಗಳ ಮೇಲಿದ್ದವು.

"ಯಾರಾದ್ರೂ ಹಾಕ್ರೋ. ನೀರೆಲ್ಲ ಇಳಿದು ಹೋಗ್ತಿದೆ."

ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಮೇಜಿನ ಕೆಳಗೇ ಇತ್ತು, ಗೋಲಿಯ ಮೊಣಕಾಲಿನ ಪಕ್ಕದಲ್ಲಿ. ಗೋಲಿ ಅದರ ಕೆಂಪು ಸ್ವಿಚ್ಚನ್ನು ನೋಡಿದ. ಬೆರಳಿಟ್ಟ. ತೆಗೆದ. ಮತ್ತೆ ಇಟ್ಟ. ಕಣ್ಣು ಮುಚ್ಚಿಕೊಂಡು ಒತ್ತಿದ.

ಬ್ಲೋವರ್ ಗರ್ಜಿಸಿತು. ಅಕ್ಕ ಅಂಗೈಗಳನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು. ಗೋಲಿ ಕಣ್ಣು ಬಿಟ್ಟು, ಟೋಪಿ ತೆಗೆಯುವ ಹಾಗೆ ಅವಳ ಕೈಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟ. ಏನೋ ಹೇಳಿದ. ಕೇಳಿಸಲಿಲ್ಲ. ಅವನು ಸ್ವಿಚ್ ಆರಿಸಿದ.

"ಏನಂದೆ?" ಎಂದಳು ಅಕ್ಕ.

"ಬಿಡು ಅಂದೆ. ನಾನೇ ಹಾಕಿದ್ದು."

ಮತ್ತೆ ಹಾಕಿದ. ಆರಿಸಿದ. ಹಾಕಿದ. ಕ್ಯಾಲೆಂಡರ್ ಡಿಸೆಂಬರ್ ತಲುಪುವಷ್ಟರಲ್ಲಿ ಅಂಗಡಿಯವರು ಒಳಗೆ ಓಡಿ ಬಂದರು. "ಸಾಕಪ್ಪ, ಇನ್ನೂ ಬಿಲ್ ಆಗಿಲ್ಲ," ಎಂದರು.

ದೊಡ್ಡ ಬ್ಲೋವರ್ ಮನೆಗೆ ಬಂತು. ಆದರೆ ಅಮ್ಮನಿಗೆ ನಂಬಿಕೆ ಬಂದಿರಲಿಲ್ಲ. "ಅಂಗಡೀಲಿ ಏನೋ ಆಟ ಅಂದ್ಕೊಂಡ. ಭಾನುವಾರ ಡಾಕ್ಟರ ಕಾರು ಬರುತ್ತಲ್ಲ, ಅವತ್ತು ನೋಡೋಣ. ಓಡಿಹೋಗಿ ಅಡಗಿಕೊಂಡ್ರೆ ಸೋಮವಾರದಿಂದ ದೊಡ್ಡಮ್ಮನ ಮನೆ," ಎಂದಳು. ದೊಡ್ಡಮ್ಮ ಗೋಲಿಗೆಂದೇ ಪುಟ್ಟ ಸ್ಟೂಲೊಂದನ್ನು ತರಿಸಿ, ಅದಕ್ಕೆ ಪ್ಲಾಸ್ಟಿಕ್ ಕವರು ಹಾಕಿಸಿ ಇಟ್ಟಿದ್ದಳು.

ಅಕ್ಕ ತಲೆ ಕೆಡಿಸಿಕೊಂಡಳು. ಅದೇ ಮೆಷಿನ್, ಅದೇ ಸದ್ದು, ಅದೇ ಎರಡು ಕಿವಿ. ಮೊದಲು ಅತ್ತವನು ಆಮೇಲೆ ಯಾಕೆ ಅಳಲಿಲ್ಲ? ಗೋಲಿಯನ್ನೇ ಕೇಳಿದಳು. ಅವನು "ಗೊತ್ತಿಲ್ಲ" ಎಂದು ಹೇಳಿ ಬಿಸ್ಕತ್ತು ತಿನ್ನುವುದನ್ನು ಮುಂದುವರಿಸಿದ.

ಭಾನುವಾರ ಕಪ್ಪು ಕಾರು ಬಂತು. ಅಮ್ಮ ತೊಳೆದು, ಒರೆಸಿ, ಪೈಪು ಹಿಡಿದು ನಿಂತಳು. ಮನೆಯ ಬಾಗಿಲ ಬಳಿ, ಸ್ವಿಚ್‌ಬೋರ್ಡಿನ ಕೆಳಗೆ ಗೋಲಿ ಕುರ್ಚಿ ಹಾಕಿಕೊಂಡು ಅದರ ಮೇಲೆ ನಿಂತಿದ್ದ. ಅವನ ಹಿಂದೆ ಅಕ್ಕ, ಅಂಗೈಗಳನ್ನು ಸಿದ್ಧ ಮಾಡಿಕೊಂಡು.

"ಹಾಕು," ಎಂದಳು ಅಮ್ಮ.

"ತಡಿ," ಎಂದ ಗೋಲಿ. ಚಡ್ಡಿ ಮೇಲೆಳೆದುಕೊಂಡ. ಅಮ್ಮನನ್ನು ನೋಡಿದ, ಕಾರನ್ನು ನೋಡಿದ. ಡಾಕ್ಟರು ವಾಚು ನೋಡಿಕೊಂಡರು. ಗೋಲಿ ತನಗೆ ಸಮಾಧಾನವಾದ ಮೇಲೆ ಹಾಕಿದ.

ಕನ್ನಡಿಯ ಹಿಂದೆ ಅಡಗಿದ್ದ ನೀರು ಚಿಮ್ಮಿಕೊಂಡು ಹೊರಬಂತು. ಬಾಗಿಲ ಹಿಡಿಯಿಂದ ಬಂತು, ದೀಪದ ಸುತ್ತಿನಿಂದ ಬಂತು, ನಂಬರ್ ಪ್ಲೇಟಿನ ಹಿಂದಿನಿಂದಲೂ ಬಂತು. ಗೋಲಿ ಕುರ್ಚಿಯಿಂದ ಇಳಿಯಲಿಲ್ಲ. ಅಕ್ಕನಿಗೆ ತನ್ನ ಕೈಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಬೆನ್ನ ಹಿಂದೆ ಕಟ್ಟಿಕೊಂಡಳು, ಜೇಬಿಗೆ ಹಾಕಿದಳು, ಮತ್ತೆ ತೆಗೆದಳು.

ಡಾಕ್ಟರು ಬೀದಿ ಸುತ್ತಿ ವಾಪಸು ಬಂದರು. ಕನ್ನಡಿಯ ಕೆಳಗೆ ಬೆರಳಾಡಿಸಿ ಬೆರಳನ್ನು ನೋಡಿದರು. ಆಚೆ ಪಕ್ಕಕ್ಕೆ ಹೋಗಿ ಅಲ್ಲೂ ನೋಡಿದರು. "ಅಳ್ತಿಲ್ಲ," ಎಂದರು. ಅವರಿಗೆ ಕೊಂಚ ಬೇಸರವಾದಂತೆ ಕಂಡಿತು.

ಅಮ್ಮ ಸೀರೆಗೆ ಕೈ ಒರೆಸಿಕೊಂಡು ದೊಡ್ಡಮ್ಮನಿಗೆ ಫೋನ್ ಮಾಡಿದಳು. "ಗೋಲಿ ಬರಲ್ಲ. ಇಲ್ಲಿ ಅವನಿಗೆ ಡ್ಯೂಟಿ ಇದೆ," ಎಂದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಸ್ಟೂಲ್ ಇರ್ಲಿ ಬಿಡು. ನಾನೇ ಬಂದಾಗ ಕೂತ್ಕೋತೀನಿ," ಎಂದಳು.

ಅಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಅಕ್ಕ ಅನ್ನಿಸಿಕೊಂಡವಳು ಕುಣಿಯುವುದು ಹೇಗೆ? "ನಾನೂ ಒಂದ್ಸಲ ಪೈಪು ಹಿಡೀಲಾ?" ಎಂದು ಮಾತ್ರ ಕೇಳಿದಳು.

"ನಮ್ಮ ಸ್ಕೂಟರೂ ಒದ್ದೆಯಾಗಿದೆ, ಅದನ್ನ ಒಣಗಿಸು. ಬಿಗಿಯಾಗಿ ಹಿಡ್ಕೊ," ಎಂದಳು ಅಮ್ಮ, ಇನ್ನೂ ಫೋನಿನಲ್ಲೇ ಇದ್ದು.

ಅಕ್ಕ ನೆಲದ ಮೇಲಿದ್ದ ಪೈಪನ್ನು ಎತ್ತಿಕೊಂಡಳು. ಸ್ಕೂಟರಿನ ಕನ್ನಡಿಯೊಳಗೆ ನೀರು ಎಲ್ಲಿ ಅಡಗಿರಬಹುದು ಎಂದು ಬಗ್ಗಿ ನೋಡಿದಳು. ಅವಳು ಪೈಪು ಎತ್ತಿದ್ದನ್ನು ನೋಡಿ ಗೋಲಿ ಸ್ವಿಚ್ ಹಾಕಿದ.

ಪೈಪು ಕೈಯಿಂದ ಜಿಗಿದು ಸೋಪಿನ ಬಕೆಟ್ಟಿಗೆ ಬಿತ್ತು. ನೊರೆ ಮನೆಯೆತ್ತರ ಹಾರಿತು. ಸದ್ದು ನಿಂತಾಗ ಅಕ್ಕ ನೀರಿನ ಡ್ರಮ್ಮಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಅಲ್ಲಿಗೆ ಯಾವಾಗ ಹೋದಳೋ ಅವಳಿಗೇ ತಿಳಿಯದು. ಅವಳ ಎರಡು ಅಂಗೈಗಳು ಅವಳದೇ ಕಿವಿಗಳ ಮೇಲಿದ್ದವು.

"ಹೇಳಿ ಹಾಕಬಾರದೇನೋ?" ಎಂದು ಕಿರುಚಿದಳು.

ಗೋಲಿ ಕುರ್ಚಿಯ ಮೇಲಿಂದ ಅವಳನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

"ನಂಗೂ ಯಾರೂ ಹೇಳಲ್ಲ," ಎಂದ.

ಅಕ್ಕ ಡ್ರಮ್ಮಿನ ಹಿಂದೆಯೇ ಕೂತಳು. ಮೂಗಿನ ಮೇಲಿಂದ ನೊರೆ ಇಳಿಯುತ್ತಿತ್ತು. ಕಿವಿಗಳಿಗೆ ಏನೂ ಆಗಿರಲಿಲ್ಲ, ಒಂದಿಷ್ಟೂ ನೋಯುತ್ತಿರಲಿಲ್ಲ. ಸದ್ದು ಹೇಳದೆ ಕೇಳದೆ ಬಂದದ್ದಕ್ಕೆ ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿತ್ತು. ಇಷ್ಟು ದಿನವೂ ತಾನು ಓಡಿ ಓಡಿ ಹೋಗಿ ಮುಚ್ಚುತ್ತಿದ್ದುದು ಅವನ ಕಿವಿಗಳನ್ನು. ಅವಳು ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದಳು.

ಎದ್ದು ಬಂದು ಪೈಪನ್ನು ಬಕೆಟ್ಟಿನಿಂದ ತೆಗೆದು ಒರೆಸಿದಳು. ಎರಡೂ ಕೈಯಲ್ಲಿ ಹಿಡಿದು, ಕಾಲು ಅಗಲಿಸಿ ನಿಂತಳು. ಗೋಲಿ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದ.

"ಹಾಕ್ಲಾ ಅಕ್ಕಾ?"

"ತಡಿ," ಎಂದಳು ಅಕ್ಕ.

ಗೋಲಿ ಕಾದ. ಅವನಿಗೇನೂ ಅವಸರವಿರಲಿಲ್ಲ. ಅಕ್ಕ ಒಂದು ಸಲ ಉದ್ದಕ್ಕೆ ಉಸಿರೆಳೆದುಕೊಂಡಳು, ಇನ್ನೊಂದು ಸಲವೂ ಎಳೆದುಕೊಂಡಳು.

"ಹೂಂ. ಈಗ ಹಾಕು."