ತಣ್ಣಗಾದ ಮೇಲೆ ಅಳೆದು ನೋಡು

"ಆ ಪೆಟ್ಟಿಗೆ ಮುಟ್ಟಬೇಡಿ!"

ಅವಳು ಕೂಗುವಷ್ಟರಲ್ಲಿ ಅವನು ಕೆಂಪು ಚೀಟಿ ಅಂಟಿಸಿಯಾಗಿತ್ತು. ತಿರಸ್ಕೃತ!

ಅವಳ ಅಪ್ಪನ ಬಳಿ, ಅವಳದೇ ಪಕ್ಕದ ಯಂತ್ರದಲ್ಲಿ ಕೆಲಸ ಕಲಿತವನು. ಮೂರು ವರ್ಷದ ಹಿಂದೆ ಒಂದು ಮಾತೂ ಹೇಳದೆ ಶೆಡ್ಡು ಬಿಟ್ಟುಹೋದವನು. ಇವತ್ತು ಕಡಲಾಚೆಯ ಕಂಪನಿಯ ತಪಾಸಣಾಧಿಕಾರಿಯಾಗಿ ಬಂದು ನಿಂತಿದ್ದಾನೆ... ಹಾಳಾದ ಎದೆ, ಇವನನ್ನು ಕಂಡರೆ ಈಗಲೂ ಹೀಗೆ ಹೊಡೆದುಕೊಳ್ಳಬೇಕೆ?

"ಹೃದಯದ ಪಂಪಿನೊಳಗೆ ತಿರುಗೋ ಶಾಫ್ಟು ಇದು," ಎಂದ ಅವನು ಮೆಲ್ಲಗೆ. "ಎಲ್ಲಾ ಒಂಚೂರು ಸಣ್ಣ ಆಗಿವೆ. ಒಳಗೆ ಅಲ್ಲಾಡತ್ತೆ."

"ನಾನೇ ಅಳೆದಿದ್ದೀನಿ, ಸರಿಯಾಗೇ ಇತ್ತು. ದೊಡ್ಡ ಕಂಪನಿ ಸೇರಿದ ಮೇಲೆ ನಿಮ್ಮ ಕಣ್ಣಿಗೆ ನಾವೆಲ್ಲಿ ಕಾಣ್ತೀವಿ ಬಿಡಿ!"

'ನಿಮ್ಮ' ಎಂದದ್ದು ಅವನಿಗೆ ಚುಚ್ಚಿತು. ಅವಳಿಗೆ ಬೇಕಿದ್ದದ್ದೂ ಅದೇ.

ಆದರೆ ಇದು ಅವಳೊಬ್ಬಳದಲ್ಲ, ಇಡೀ ಬೀದಿಯ ಕೆಲಸ. ಎದುರು ಶೆಡ್ಡಿನ ಮಾವ ಕಾಯಿಸಿ ಗಟ್ಟಿ ಮಾಡಿದ ಶಾಫ್ಟನ್ನು ಅವಳು ಉಜ್ಜಿ ಅಳತೆಗೆ ತರುತ್ತಾಳೆ, ಮೂಲೆಮನೆ ಅಕ್ಕ ತೊಳೆದು ಪೆಟ್ಟಿಗೆಗೆ ತುಂಬುತ್ತಾಳೆ. ಈ ಆರ್ಡರ್ ತಪ್ಪಿದರೆ ಕಂಪನಿ ಬೇರೆ ದೇಶದ ಬೀದಿ ನೋಡಿಕೊಳ್ಳುತ್ತದೆ. ಇಲ್ಲಿ ಒಂದೊಂದೇ ಬಾಗಿಲು ಮುಚ್ಚುತ್ತದೆ.

"ಯಂತ್ರದಿಂದ ಇಳಿಸಿದ ಕೂಡಲೇ ಅಳೆದ್ಯಾ?"

ಹೌದು. ಗಡುವು ಹತ್ತಿರ ಬಂದಿತ್ತು... ಬಿಸಿ ಲೋಹ ಉಬ್ಬಿರುತ್ತದೆ, ತಣ್ಣಗಾಗುವ ತನಕ ಕಾಯಬೇಕು ಎಂದು ಅಪ್ಪ ಎಷ್ಟು ಸಲ ಬೈದಿದ್ದರು!

ಡ್ರಾಯರ್ ಎಳೆದು, ಬಟ್ಟೆಯಲ್ಲಿ ಸುತ್ತಿಟ್ಟ ಮೈಕ್ರೋಮೀಟರ್ ತೆಗೆದು, ತಣ್ಣಗಾಗಿದ್ದ ಶಾಫ್ಟನ್ನು ಅಳೆದಳು. ಮತ್ತೊಮ್ಮೆ ಅಳೆದಳು. ಕಣ್ಣು ತುಂಬಿ ಬಂತು.

"ನಂದೇ ತಪ್ಪು..."

"ಚೀಟಿ ಅಂಟಿಸೋಕೆ ಮೊದಲೇ ಕಂಪನಿಯವರ ಹತ್ರ ಮಾತಾಡಿದೀನಿ. ಹೊಸದಾಗಿ ಮಾಡೋಕೆ ಒಂದು ವಾರ ಕೊಟ್ಟಿದ್ದಾರೆ. ಒಂದು ಶೆಡ್ಡಿನ ಕೈಲಿ ಆಗಲ್ಲ ಅಂದ್ರು. ಇಡೀ ಬೀದಿ ಸೇರಿ ಮಾಡತ್ತೆ ಅಂದೆ."

ಗಲಾಟೆ ಕೇಳಿ ಬಾಗಿಲಿಗೆ ಬಂದ ಎದುರು ಶೆಡ್ಡಿನ ಮಾವ ಗಂಟಲು ಸರಿಮಾಡಿಕೊಂಡರು. "ನನ್ನ ಕುಲುಮೆ ಇವತ್ತೇ ಹಚ್ತೀನಿ ಕಣಮ್ಮ. ನೀನು ಅಳ್ತಾ ಕೂತ್ರೆ ಶಾಫ್ಟು ದಪ್ಪ ಆಗತ್ತಾ?"

ಅವರು ಹೋದ ಮೇಲೆ ಅವಳು ಅವನತ್ತ ತಿರುಗಿದಳು.

"ಹೋಗೋವಾಗ ನನಗ್ಯಾಕೆ ಹೇಳ್ಲಿಲ್ಲ?"

"ಕಳಿಸಿದ್ದೇ ನಿಮ್ಮಪ್ಪ. ಹೊರಗಿನವರು ಹೇಗೆ ಅಳೀತಾರೆ ಕಲಿ, ಈ ಬೀದಿಗೆ ಕೆಲಸ ತಗೊಂಡು ಬಾ ಅಂದ್ರು. ನಿಂಗೆ ಹೇಳಿದ್ರೆ ಬೇಡ ಅಂತಿದ್ದೆ."

"ಅಂದಿದ್ರೆ?"

"ನಾನು ಹೋಗ್ತಿರಲಿಲ್ಲ. ಆಮೇಲೆ ಫೋನ್ ಮೇಲೆ ಫೋನ್ ಮಾಡಿದೆ. ನೀನು ಎತ್ತಲೇ ಇಲ್ಲ."

ನಿಜ. ಕೋಪದ ಬಿಸಿಯಲ್ಲಿ ಅವನನ್ನೂ ತಪ್ಪಾಗಿ ಅಳೆದುಬಿಟ್ಟಿದ್ದಳು. ಅಪ್ಪ ತೀರಿಕೊಂಡ ದಿನವೂ ಆ ಫೋನು ಎಷ್ಟೋ ಹೊತ್ತು ಬಡಿದುಕೊಂಡಿತ್ತು...

ಅವನ ನೋಟ ಅವಳ ಕೈಯ ಮೇಲೆ ನಿಂತಿತು.

"ಇದು... ನಾನು ಬಿಟ್ಟುಹೋದ ಮೈಕ್ರೋಮೀಟರ್ ಅಲ್ವಾ? ಒಂಚೂರೂ ತುಕ್ಕು ಹಿಡಿದಿಲ್ಲ!"

"ವಾರವಾರ ಎಣ್ಣೆ ಒರೆಸ್ತಿದ್ದೆ."

"ನನ್ನ ಮೇಲೆ ಅಷ್ಟು ಕೋಪ ಇಟ್ಕೊಂಡು?"

"ಕೋಪ ನಿನ್ನ ಮೇಲೆ. ಇದರ ಮೇಲೆ ಯಾಕೆ?"

'ನಿನ್ನ'! ಅವನು ಕೈ ಚಾಚಿದ. ಅವಳು ಮೈಕ್ರೋಮೀಟರನ್ನು ಅವನ ಅಂಗೈಯಲ್ಲಿಟ್ಟಳು. ಆದರೆ ತನ್ನ ಕೈಯನ್ನು ಹಿಂತೆಗೆದುಕೊಳ್ಳಲಿಲ್ಲ.

"ಈ ಸಲ ಹೋಗೋದಿದ್ರೆ ಹೇಳಿ ಹೋಗು."

"ಹೋಗಲ್ಲ. ಈ ಬೀದಿಗೊಂದು ತಣ್ಣನೆ ಅಳತೆಕೋಣೆ ಬೇಕು, ನಾನೇ ನಿಂತು ಮಾಡಿಸ್ತೀನಿ ಅಂತ ಕಂಪನಿಗೆ ಹೇಳಿ ಬಂದಿದ್ದೀನಿ. ನಿನ್ನ ಪಕ್ಕದ ಯಂತ್ರ... ಇನ್ನೂ ಖಾಲಿ ಇದೆಯಾ?"

"ಯಾರಿಗೂ ಕೊಟ್ಟಿಲ್ಲ."