ಡಾರ್ಕ್ ರೂಮಿನ ಕೆಂಪು ಸ್ವೆಟರ್

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನಾಗ ಬಿ.ಎಸ್‌ಸಿ. ಎರಡನೇ ವರ್ಷ, ಫಿಸಿಕ್ಸ್. ಅವತ್ತು ಮಧ್ಯಾಹ್ನ ನನ್ನ ಜೊತೆಗಾತಿ ಜ್ವರ ಬಂದು ಪ್ರಾಕ್ಟಿಕಲ್‌ಗೆ ಬಂದಿರಲಿಲ್ಲ. ಡಾರ್ಕ್ ರೂಮಿನಲ್ಲಿ ಸೋಡಿಯಂ ದೀಪ ಹಚ್ಚಿಕೊಂಡು ಒಬ್ಬಳೇ ಕೂತೆ. ಬೆಳಕಿನ ಕೋನ ಅಳೆಯುವ ಉಪಕರಣದ ಪುಟ್ಟ ಟೆಲಿಸ್ಕೋಪಿನಲ್ಲಿ ಹಳದಿ ಗೆರೆ ಬಲಗಡೆಯೂ ಎಡಗಡೆಯೂ ಕಾಣುತ್ತದೆ; ಎರಡೂ ಕಡೆಯ ಕೋನ ಬರೆದುಕೊಳ್ಳಬೇಕು. ಕೋನ ಓದಿ ಹೇಳುವುದು ಯಾವಾಗಲೂ ಜೊತೆಗಾತಿಯ ಕೆಲಸ. ಬಲಗಡೆ ಗೆರೆಗೆ ಕಣ್ಣಿಟ್ಟವಳು ಅಭ್ಯಾಸಬಲದಿಂದ, "ಎಷ್ಟು ಬಂತೇ?" ಎಂದೆ.

"ಇಪ್ಪತ್ತು ಡಿಗ್ರಿ, ಹದಿನೆಂಟು ಮಿನಿಟ್. ಬರ್ಕೋ."

ಬರೆದುಕೊಂಡೆ. ಮೂರನೇ ರೀಡಿಂಗ್ ಬರೆಯುವಾಗ, ಜೊತೆಗಾತಿ ಬಂದೇ ಇಲ್ಲವಲ್ಲ ಎಂದು ಹೊಳೆಯಿತು. ತಲೆಯೆತ್ತಿದೆ. ಮೇಜಿನಾಚೆ ಯಾರೋ ಹುಡುಗಿ ಲೆನ್ಸ್ ಹಿಡಿದು ಬಗ್ಗಿದ್ದಳು. ಸೋಡಿಯಂ ಬೆಳಕಿನಲ್ಲಿ ಕೆಂಪು ಬಣ್ಣ ಕಪ್ಪಾಗಿ ಕಾಣಬೇಕು. ನನ್ನ ಕೈಲಿದ್ದ ಕೆಂಪು ಪೆನ್ನು ಕಪ್ಪಾಗಿಯೇ ಇತ್ತು. ಅವಳ ಸ್ವೆಟರ್ ಮಾತ್ರ ಬಿಸಿಲಿನಲ್ಲಿ ನಿಂತವರ ಸ್ವೆಟರಿನಂತೆ ಕೆಂಪಗಿತ್ತು.

ಅವಳು ಹೇಳುತ್ತಲೇ ಹೋದಳು, ನನ್ನ ಕೈ ಬರೆಯುತ್ತಲೇ ಹೋಯಿತು. ಬೆಲ್ ಹೊಡೆದಾಗ ಬಿದ್ದಂಬೀಳ ಹೊರಗೋಡಿದೆ.

ಮೇಷ್ಟ್ರು ರೀಡಿಂಗ್ ನೋಡಿದರು. "ಬಲಗಡೇದು ತುಂಬಾ ಚೆನ್ನಾಗಿ ಬಂದಿದೆ. ಎಡಗಡೇದೆಲ್ಲಮ್ಮಾ?"

"ಆಗ್ಲಿಲ್ಲ ಸರ್."

"ಅರ್ಧಕ್ಕೆ ಬಿಟ್ರೆ ಹೇಗೆ? ಮುಗಿಸ್ಲೇಬೇಕು."

ಆಮೇಲೆ ಆ ಕೋಣೆಗೆ ಕಾಲಿಡಲಿಲ್ಲ. ಪರೀಕ್ಷೆಯ ದಿನ ಚೀಟಿ ಎತ್ತಿದಾಗ ಬಂದದ್ದು ಅದೇ ಪ್ರಯೋಗ. ಪರೀಕ್ಷೆಯಲ್ಲಿ ಜೊತೆಗಾರರಿಲ್ಲ, ಅಟೆಂಡರ್ ನನ್ನನ್ನು ಒಳಗೆ ಬಿಟ್ಟು ಬಾಗಿಲೆಳೆದುಕೊಂಡ. ಟೆಲಿಸ್ಕೋಪಿಗೆ ನಾನಿನ್ನೂ ಕಣ್ಣೇ ಇಟ್ಟಿರಲಿಲ್ಲ.

"ಈಗ ಎಡಗಡೇದು," ಎಂದಳು. "ಬರ್ಕೋ."