ಕೊನೆಯ ಮೂರರ ಮುಂದೆ

“ಉಳಿದ ಎರಡು ಅಂಕಿ ಹೇಳ್ರಿ ಮೇಡಂ.”

ಏಣಿಯ ಮೇಲಿಂದ ಬಂದ ಆ ಮಾತಿಗೆ ಖುರ್ಷಿದಾಳ ಕಿವಿ ಬಿಸಿಯಾಯಿತು. ಅವಳು ಕುಕನೂರಿನ ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದು ವರ್ಷವಾಗಿತ್ತು. ಮೊದಲ ಭೇಟಿಯಲ್ಲೇ ಫೋನ್ ನಂಬರ್ ಕೇಳುವ ಧೈರ್ಯ ಇದುವರೆಗೆ ಯಾರೂ ಮಾಡಿರಲಿಲ್ಲ!

“ಸಾಲಿ ಗ್ವಾಡಿ ಬರಿಯಾಕ ಬಂದೀರಿ. ಬರದು ಹೋಗ್ರಿ.”

ಪೇಂಟರ್ ಅಫ್ರೋಜ ಗಾಬರಿಯಾಗಿ, ಗೋಡೆಗೆ ಬರೆಯಲು ಅವಳೇ ಕೊಟ್ಟಿದ್ದ ಚೀಟಿ ತೋರಿಸಿದ. 73939133.

ಕುಷ್ಟಗಿಯಲ್ಲಿ ಹದಿನೈದು ವರ್ಷ ಗೋಡೆ ಬರೆದವನು ಅವನು. ಗೋಡೆಯ ಮೇಲೆ ಇಷ್ಟುದ್ದ ಅಂಕಿ ಎಂದರೆ ಅವನಿಗೆ ಫೋನ್ ನಂಬರೇ. ಎಂಟೇ ಇದ್ದುದರಿಂದ ಎರಡು ಬಿಟ್ಟುಹೋಗಿವೆ ಅಂದುಕೊಂಡಿದ್ದ.

ಖುರ್ಷಿದಾಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಸಿಡುಕಿದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಆ ಸಂಖ್ಯೆಯ ಗುಟ್ಟು ಹೇಳಿದಳು. ಒಂದನ್ನೂ ತನ್ನನ್ನೂ ಬಿಟ್ಟರೆ ಇದು ಯಾವುದರಿಂದಲೂ ಭಾಗವಾಗದು. ಬಲಗಡೆಯ ಅಂಕಿ ಅಳಿಸಿದರೆ ಉಳಿದದ್ದೂ ಭಾಗವಾಗದು. ಮತ್ತೊಂದು ಅಳಿಸಿದರೂ... ಮತ್ತೊಂದು ಅಳಿಸಿದರೂ... ಇಂಥ ಸಂಖ್ಯೆಗಳಲ್ಲೆಲ್ಲ ಇದೇ ದೊಡ್ಡದು.

ಅಫ್ರೋಜ ಬಣ್ಣ ಹತ್ತಿದ ಅಂಗೈಯಿಂದ ಚೀಟಿಯ ಅಂಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದ. 7393913. 739391. 73939. 7393. 739. 73. ಕೊನೆಗೆ ಏಳೊಂದೇ. ಅವನ ಕೈ ಅಲ್ಲೇ ನಿಂತಿತು.

“ಇಷ್ಟೆಲ್ಲಾ ಕಳಕೊಂಡ್ರೂ ಒಡದಿಲ್ಲ ನೋಡ್ರಿ ಇದು...” ಅವನ ದನಿ ಪಿಸುಮಾತಾಗಿತ್ತು.

ನಾಲ್ಕು ವರ್ಷದ ಹಿಂದೆ ಗಂಡ ತಲಾಖ್ ಕೊಟ್ಟಾಗ, ಮನೆ, ಊರು, ಗೆಳತಿಯರು ಒಂದೊಂದಾಗಿ ಕಳಚಿಹೋದಾಗ, ಖುರ್ಷಿದಾ ಮನಸ್ಸಿನಲ್ಲಿ ಹಿಡಿದುಕೊಂಡಿದ್ದು ಈ ಸಂಖ್ಯೆಯನ್ನೇ. ‘ಯಾರೂ ಹೇಳದೆ ಇವನಿಗೆ ಅದು ಹೇಗೆ ಕಂಡಿತು?’

ವಾರದಲ್ಲಿ ಗೋಡೆ ತುಂಬಿತು. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಅಂಕಿಗಳ ಕಥೆ ಹೇಳುವುದು, ಅವನು ಕುಂಚ ಹಿಡಿದು ಕೇಳುವುದು ರೂಢಿಯೇ ಆಗಿಹೋಯಿತು. ಕೊನೆಯ ದಿನ ಅವನು ತಲೆ ತಗ್ಗಿಸಿ ಕೇಳಿದ.

“ಸಂಬಂಧ ಕೇಳಾಕ ನಮ್ಮ ಅಮ್ಮೀನ ನಿಮ್ಮ ಮನಿಗೆ ಕಳಸ್ಲೇನ್ರಿ?”

ಅವಳು ಸೀಮೆಸುಣ್ಣ ತೆಗೆದುಕೊಂಡು, ಗೋಡೆಯ ಮೇಲಿನ ಕೊನೆಯ ಮೂರರ ಮುಂದೆ ಒಂದು ಏಳು ಬರೆದಳು.

“ಈಗ ಎಲ್ಲಾ ಅಂಕಿ ಕೂಡಸ್ರಿ. ನಲವತ್ತೈದು. ಮೂರರಿಂದ ಭಾಗ ಆಗ್ತೈತಿ. ಏಳು ಅಂತಲ್ಲ, ಯಾವ ಅಂಕಿ ತಂದು ಹಚ್ಚಿದ್ರೂ ಇದು ಒಡೀತೈತಿ. ನಾನೂ ಹಂಗ. ಒಮ್ಮೆ ಹಚ್ಚಿ ನೋಡೀನಿ.”

ಅಫ್ರೋಜ ಹೆಗಲ ಮೇಲಿನ ಬಟ್ಟೆಯಿಂದ ಆ ಏಳನ್ನು ಮೆತ್ತಗೆ ಒರೆಸಿದ.

“ಹಚ್ಚೂದು ಬ್ಯಾಡ್ರಿ. ಅದು ಹೆಂಗೈತಿ ಹಂಗ ಇರ್ಲಿ. ನೀವೂ ಹಂಗ ಇರ್ರಿ. ಪೇಂಟರ್ ಹೆಸರು ಯಾವತ್ತೂ ಕೆಳಗಿನ ಸಾಲಿನ್ಯಾಗ ಇರ್ತೈತ್ರಿ.”

ಆಗ ಅವಳು ಗಮನಿಸಿದಳು. ಗೋಡೆ ಮುಗಿದರೂ ಅವನು ಇನ್ನೂ ತನ್ನ ಹೆಸರು ಬರೆದಿರಲಿಲ್ಲ. ಎಂಟು ಅಂಕಿಗಳ ಕೆಳಗೆ ಜಾಗ ಬಿಳಿಯಾಗಿಯೇ ಇತ್ತು... ಅವಳ ಒಂದು ಮಾತಿಗೆ ಕಾಯುತ್ತ.

“ಬರೀರಿ. ಜಾಗ ಐತಿ,” ಎಂದಳು.

“ಫೋನ್ ನಂಬರ್ ಸಮೇತ?”

ಒದ್ದೆ ಕಣ್ಣಲ್ಲೇ ನಕ್ಕಳು ಖುರ್ಷಿದಾ.

“ಹತ್ತೂ ಅಂಕಿ ಬರೀರಿ. ಅಮ್ಮಿ ಬರೂಕಿಂತ ಮೊದಲ ನಾ ಫೋನ್ ಮಾಡಬೇಕಲ್ಲ.”